ಪದ ಕಟ್ಟಿದವನು, ತಿದ್ದಿದವರು

ಹೊಸ ಪದವನ್ನು ಊರಿಗಿಂತ ಮೊದಲು ಕೇಳುವವನು ಪೇಟಿ ಮಾಸ್ತರ. ಕಟ್ಟಿದವನು ಬಂದು ಹಾರ್ಮೋನಿಯಂ ಪಕ್ಕ ಕೂರುತ್ತಾನೆ, ಅಂಗಿಯ ಜೇಬಿನಿಂದ ಮಡಿಕೆಬಿದ್ದ ಹಾಳೆ ತೆಗೆಯುತ್ತಾನೆ. "ಯಾವ ಪಟ್ಟಿ?" ಅಂತ, ಅಂದರೆ ಯಾವ ಶ್ರುತಿ ಎಂದು, ನಾವು ಕೇಳುತ್ತೇವೆ. ಕಾಳಿ ಒಂದು ಅನ್ನುವವನು ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಗಂಟಲು ಹಿಡಿದುಕೊಂಡು ಕೆಳಗಿನ ಪಟ್ಟಿಗೆ ಇಳಿಯುತ್ತಾನೆ. ಅಲ್ಲಿಂದ ತಿದ್ದುವ ಕೆಲಸ ಶುರು. ಕಮಲಾಪುರದ ಭಜನಾ ಮೇಳದಲ್ಲಿ ಹುಡುಗನಾಗಿ ಪೇಟಿ ಹಿಡಿದವನು ನಾನು. ಆಮೇಲೆ ಗುಮಾಸ್ತಿಕೆ ಹುಡುಕಿಕೊಂಡು ಕಲಬುರಗಿಗೆ ಬಂದು ಶಹಾಬಜಾರದಲ್ಲಿ ಮನೆ ಮಾಡಿದೆ. ಹಗಲು ಕಡತ, ರಾತ್ರಿ ಪೇಟಿ. ಒಂದು ವಾರ ಮಠದ ಭಜನೆ, ಇನ್ನೊಂದು ವಾರ ಯಾರದೋ ಮಾಳಿಗೆಯ ಮೇಲೆ ಗಜಲ್ ಮೆಹಫಿಲ್. ಎರಡೂ ಕಡೆ ನಾನು ಬಾರಿಸಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಪಂಡಿತರಲ್ಲದ ಜನ, ಅಂದರೆ ರೈತರು, ಮಾಸ್ತರರು, ಟೇಲರುಗಳು, ಹಾಡು ಕಟ್ಟಿ ಅದನ್ನು ನಾಲ್ಕು ಮಂದಿಯ ಮುಂದಿಟ್ಟು ತಿದ್ದಿಸಿಕೊಳ್ಳುವ ರೂಢಿಯೊಂದು ನಮ್ಮ ಭಾಗದಲ್ಲಿ ಬಹಳ ಹಳೆಯದು. ಅದರ ಬಗ್ಗೆ ಬರೆಯಬೇಕೆನಿಸಿದೆ.

ಕಲಬುರಗಿಯಲ್ಲಿ ಯಾವ ಸಭೆಯೇ ಇರಲಿ, ಮೈಕಿನ ಮುಂದೆ ನಿಂತವರು ಮೊದಲು ಮಳಖೇಡಕ್ಕೆ ಕೈಮುಗಿಯುತ್ತಾರೆ. ಕಾಗಿಣಾ ನದಿಯ ದಂಡೆಯ ಆ ಊರು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯ ಬರೆದ 'ಕವಿರಾಜಮಾರ್ಗ' ಅಲ್ಲಿಯದು. ನಾಡಿನ ಎಲ್ಲೆ ಹೇಳುವ ಪದ್ಯ, ಓದುಬರಹ ಇಲ್ಲದವರಿಗೂ ಕಾವ್ಯದ ಹದ ಗೊತ್ತೆಂದು ಜನರನ್ನು ಹೊಗಳುವ ಪದ್ಯ, ಇವೆರಡೂ ಎಲ್ಲ ಭಾಷಣಕಾರರಿಗೂ ಬಾಯಿಪಾಠ. ಆ ಗ್ರಂಥದ ಮೊದಲ ಪರಿಚ್ಛೇದ ತುಂಬ ಇರುವುದು ಬರೆಯುವವರ ತಪ್ಪುಗಳು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೀಗೆ ಬರೆದರೆ ದೋಷ, ಅದನ್ನೇ ಹೀಗೆ ಬರೆದರೆ ಸರಿ ಎಂದು ಶ್ರೀವಿಜಯ ಕೆಟ್ಟ ಪದ್ಯವನ್ನೂ ತಿದ್ದಿದ ಪದ್ಯವನ್ನೂ ಒಟ್ಟೊಟ್ಟಿಗೆ ಇಟ್ಟು ತೋರಿಸುತ್ತಾನೆ. ಪ್ರಾಸದ ಮೋಹಕ್ಕೆ ಬಿದ್ದು ಯತಿಯನ್ನು ದಾಟಿಹೋಗುವ ಕನ್ನಡ ಕವಿಗಳ ಚಾಳಿಯೂ ಅವನ ಕಣ್ಣು ತಪ್ಪಿಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥವೇ ಹೊಸಬರ ಹಾಳೆಯ ಮೇಲೆ ಗೆರೆ ಎಳೆಯುವ ಪುಸ್ತಕ. ನನಗೆ ಇದು ಎಲ್ಲೆಯ ಪದ್ಯಕ್ಕಿಂತ ದೊಡ್ಡ ಹೆಮ್ಮೆ.

ಶ್ರೀವಿಜಯ ಯತಿ ಅಂದದ್ದನ್ನು ನಮ್ಮ ಮೇಳದ ಹಿರಿಯನೊಬ್ಬ ಬೇರೆ ರೀತಿ ಹೇಳುತ್ತಿದ್ದ. ಹೊಸ ಪದ ಕೇಳಿ ಮುಗಿಸಿ, ತಲೆಯಾಡಿಸಿ, "ಛೊಲೋ ಅದಪಾ. ಆದ್ರ ಉಸುರು ಎಲ್ಲಿ ತಗೋಬೇಕು?" ಅನ್ನುತ್ತಿದ್ದ. ಅಷ್ಟೇ ವಿಮರ್ಶೆ. ಪದ ಕಟ್ಟಿದವನು ಮುಖ ಸಣ್ಣದು ಮಾಡಿಕೊಂಡು ಹಾಳೆ ಮಡಚುತ್ತಿದ್ದ, ಮುಂದಿನ ಸೋಮವಾರದ ಭಜನೆಗೆ ಎರಡು ಶಬ್ದ ಕಿತ್ತುಹಾಕಿ ಬರುತ್ತಿದ್ದ. ಅವನು ಕಿತ್ತದ್ದು ಬಹುಪಾಲು ಸಲ ಅವನಿಗೆ ಬಹಳ ಇಷ್ಟವಾಗಿದ್ದ ಸಂಸ್ಕೃತ ಶಬ್ದಗಳೇ ಆಗಿರುತ್ತಿದ್ದವು.

ಭಜನೆಯ ಮೇಳ ಹೇಗೆ ನಡೆಯುತ್ತದೆ ಎಂಬುದನ್ನು ನೋಡದವರಿಗೆ ಇದರ ಮರ್ಮ ತಿಳಿಯುವುದು ಕಷ್ಟ. ಮುಂದೆ ಹಾಡುವವನು ಒಬ್ಬನೋ ಇಬ್ಬರೋ. ಅವನು ಪಲ್ಲವಿ ಎತ್ತುತ್ತಾನೆ, ಹಿಂದಿನವರು ಅದನ್ನು ಹಿಡಿದು ತಿರುಗಿ ಹೇಳುತ್ತಾರೆ. ತಾಳ, ಏಕತಾರಿ, ಡಗ್ಗಾ, ಪೇಟಿ. ನುಡಿ ಮುಗಿದಾಗಲೆಲ್ಲ ಪಲ್ಲವಿ ಹಿಮ್ಮೇಳದ ಕೈಗೆ ಹೋಗುತ್ತದೆ. ಹಿಮ್ಮೇಳದವರಲ್ಲಿ ಅರ್ಧ ಮಂದಿಗೆ ಓದು ಬರುತ್ತಿರಲಿಲ್ಲ. ಹಾಳೆ ನೋಡಿ ಹಾಡುವ ಪ್ರಶ್ನೆಯೇ ಇಲ್ಲ. ಒಂದು ಸಲ ಕೇಳಿ, ಎರಡನೇ ಸಲಕ್ಕೆ ನಾಲಿಗೆ ಮೇಲೆ ಬರಬೇಕು. ಬರಲಿಲ್ಲವೆಂದರೆ ದೋಷ ಹಿಮ್ಮೇಳದ್ದಲ್ಲ, ಪದದ್ದು. ಎಡವಿದ ಜಾಗದಲ್ಲಿ ಅವರು ನಿಲ್ಲುವುದೂ ಇಲ್ಲ. ಬಾಯಿಗೆ ಸುಲಭವಾದದ್ದನ್ನು ಹಾಕಿ ಮುಂದೆ ಹೋಗುತ್ತಾರೆ. ಬೆಳಗಿನ ಜಾವದ ಮಂಗಳಾರತಿಯ ಹೊತ್ತಿಗೆ ಪದದ ಎರಡು ಕಡೆ ಹೊಸ ಮಾತು ಸೇರಿರುತ್ತದೆ, ಯಾರು ಸೇರಿಸಿದರೆಂದು ಕೇಳಿದರೆ ಯಾರೂ ಇಲ್ಲ. ತತ್ವಪದಗಳನ್ನು ಸಂಪಾದಿಸುವ ವಿದ್ವಾಂಸರು ಪಾಠಾಂತರಗಳ ಕಾಟವೆಂದು ತಲೆ ಚಚ್ಚಿಕೊಳ್ಳುವುದು ಇದಕ್ಕೇ. ಒಂದೇ ಪದ ಆಳಂದದ ಕಡೆ ಒಂದು ಥರ, ಜೇವರ್ಗಿಯ ಕಡೆ ಇನ್ನೊಂದು ಥರ. ಅವರಿಗೆ ಅದು ಕಾಟ. ನನ್ನ ಪ್ರಕಾರ ಅದು ಸಹಿಯಿಲ್ಲದ ತಿದ್ದುಪಡಿಗಳ ದಾಖಲೆ.

ಈ ಪದ ಪರಂಪರೆಯ ದೊಡ್ಡ ಹೆಸರು ಕಡಕೋಳ ಮಡಿವಾಳಪ್ಪ. ಹದಿನೆಂಟು–ಹತ್ತೊಂಬತ್ತನೇ ಶತಮಾನದ ನಡುವೆ ಬದುಕಿದವರು. ಕಲಬುರಗಿಯ ಶರಣಬಸವೇಶ್ವರರು ಲಿಂಗೈಕ್ಯರಾದದ್ದು 1822ರಲ್ಲಿ; ಹೆಚ್ಚುಕಡಿಮೆ ಅದೇ ಕಾಲ, ಅದೇ ಸೀಮೆ. ಮಡಿವಾಳಪ್ಪನವರ ಸುತ್ತ ಒಂದು ದೊಡ್ಡ ಶಿಷ್ಯ ಬಳಗವೇ ಬೆಳೆಯಿತು: ಚೆನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ. ಹೆಸರು ನೋಡಿದರೇ ಗೊತ್ತಾಗುತ್ತದೆ, ಅದು ಒಂದು ಜಾತಿಯ, ಒಂದು ಧರ್ಮದ ಗುಂಪಲ್ಲ. ಇವರೆಲ್ಲ ಪದ ಕಟ್ಟಿದವರು. ಇವರನ್ನು ಸಂತರು, ಅನುಭಾವಿಗಳು ಎನ್ನುತ್ತೇವೆ. ಪೇಟಿಯ ಹಿಂದೆ ಕೂತ ನನಗೆ ಇವರು ಒಬ್ಬರಿಗೊಬ್ಬರು ಕಿವಿಯಾಗಿದ್ದವರಾಗಿ ಕಾಣುತ್ತಾರೆ. ಜಲಾಲಸಾಬರು ತಮ್ಮ ಹೊಸ ಪದವನ್ನು ಮೊದಲು ಯಾರಿಗೆ ಕೇಳಿಸಿರಬೇಕು? ಸಂತೆಯಲ್ಲಿ ನಿಂತು ಹಾಡಿರಲಾರರು.

ಪದದ ಕೊನೆಯ ನುಡಿಯಲ್ಲಿ ಅಂಕಿತ ಬರುತ್ತದೆ. ನಮ್ಮ ಕಡೆಯ ಹಲವು ತತ್ವಪದಗಳಲ್ಲಿ ಅಲ್ಲಿ ನಿಲ್ಲುವುದು ಗುರುವಿನ ಹೆಸರು. ಮಡಿವಾಳಪ್ಪನವರ ಪದಗಳಲ್ಲಿ ಗುರು ಮಹಾಂತನ ಹೆಸರು ಬರುವ ಹಾಗೆ. ಇದನ್ನು ಭಕ್ತಿ ಎಂದಷ್ಟೇ ತಿಳಿಯುವುದು ರೂಢಿ. ಆದರೆ ವ್ಯವಹಾರವಾಗಿ ಯೋಚಿಸಿ ನೋಡಿ. ನಾನು ಕಟ್ಟಿದ ಪದದ ಕೊನೆಗೆ ನಿಮ್ಮ ಹೆಸರು ಹಾಕಿದರೆ, ಅದರಲ್ಲಿನ ಅಡ್ಡಾದಿಡ್ಡಿ ಮಾತಿಗೆ ಜವಾಬ್ದಾರರು ನೀವು. ನಿಮಗೆ ಕೇಳಿಸದೆ ನಾನು ಅದನ್ನು ಊರ ಮುಂದೆ ಹಾಡಲಾರೆ. ಗುರುವಿಗೆ ಪದ ಒಪ್ಪಿಸುವುದು ಅಂದರೆ ಬರೀ ನಮಸ್ಕಾರ ಅಲ್ಲ, ತನಿಖೆಗೆ ಒಡ್ಡುವುದು ಕೂಡ. ಶಿಶುನಾಳ ಶರೀಫರಿಗೆ (1819–1889) ಕಳಸದ ಗೋವಿಂದ ಭಟ್ಟರು ಇದ್ದರು. ಶರೀಫರ ಪದಗಳಲ್ಲಿ ಮಗ್ಗ, ಬಿತ್ತನೆ, ಮಳೆ ಇವೆಲ್ಲ ಅನುಭಾವವಾಗಿ ತಿರುಗುವ ಪರಿಯ ಹಿಂದೆ ಅಂಥ ಕಿವಿಯೊಂದರ ಪಾಲೂ ಇದ್ದೀತೆಂದು ನನ್ನ ಅನಿಸಿಕೆ.

ಎಲ್ಲ ತಿದ್ದುಪಡಿಯೂ ಇಷ್ಟು ಪ್ರೀತಿಯದಲ್ಲ. ಹರದೇಶಿ–ನಾಗೇಶಿ ಹಾಡಕಿ ಕೇಳಿದವರಿಗೆ ಗೊತ್ತು. ಒಂದು ಮೇಳ ಶಿವ ದೊಡ್ಡವನೆಂದು ಹಾಡುತ್ತದೆ, ಇನ್ನೊಂದು ಶಕ್ತಿ ದೊಡ್ಡವಳೆಂದು. ಮರಾಠಿ ಸೀಮೆಯಲ್ಲಿ ಇದೇ ತುರಾ–ಕಲ್ಗಿ. ದಪ್ಪು, ತುಂತುಣಿ, ತಾಳದೊಂದಿಗೆ ರಾತ್ರಿಯಿಡೀ ಸವಾಲ್–ಜವಾಬ್. ಎದುರಿನ ಮೇಳದವರು ನಿಮ್ಮ ಹಾಡು ಕೇಳುವುದೇ ಹುಳುಕು ಹುಡುಕಲು. ಯಾವ ಪುರಾಣದಲ್ಲಿ ಹಾಗೆ ಹೇಳಿದೆ, ಪುರಾವೆ ಕೊಡು ಎಂದು ಮುಂದಿನ ಪದದಲ್ಲೇ ಹಿಡಿಯುತ್ತಾರೆ. ಉತ್ತರವನ್ನೂ ಹಾಡಿಯೇ ಹೇಳಬೇಕು, ಅದೇ ಧಾಟಿಯಲ್ಲಿ. ಜವಾಬು ಕೊಡಲಾರದ ಮೇಳ ಮುಂದಿನ ಜಾತ್ರೆಯವರೆಗೆ ತಲೆತಗ್ಗಿಸಿ ತಿರುಗಬೇಕು. ಇಂಡಿ ಸೀಮೆಯ ಹಲಸಂಗಿಯಲ್ಲಿ ಖಾಜಾಭಾಯಿ ಇಂಥ ಲಾವಣಿಗಳಿಗೆ ಹೆಸರಾದವರು. ಅಲ್ಲಿಯ ಗೆಳೆಯರ ಬಳಗದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಕೂಡಿ ಹೆಂಗಸರ ಹಾಡುಗಳನ್ನು 'ಗರತಿಯ ಹಾಡು' ಎಂದು 1931ರಲ್ಲಿಯೂ, ಲಾವಣಿಗಳನ್ನು 'ಜೀವನ ಸಂಗೀತ' ಎಂದು 1933ರಲ್ಲಿಯೂ ಅಚ್ಚು ಹಾಕಿಸಿದರು. ಹಳ್ಳಿಯ ಹಾಡನ್ನು ತಿದ್ದಲು ಹೋಗದೆ ಹಾಗೆಯೇ ಬರೆದುಕೊಂಡದ್ದು ಅವರ ದೊಡ್ಡಸ್ತಿಕೆ. ತಿದ್ದುವ ಕೆಲಸ ಅಷ್ಟರಲ್ಲಿ ಮುಗಿದಿತ್ತು, ಎಷ್ಟೋ ಬಾಯಿಗಳಲ್ಲಿ.

ನಮ್ಮ ಕಮಲಾಪುರದ ಕಡೆ ಹುಡುಗರು ಪದ ಕಟ್ಟಲು ಕಲಿಯುವುದು ಅಲಾಯಿ ಹಬ್ಬದಲ್ಲಿ. ಮೊಹರಮ್ಮಿನ ಹತ್ತು ದಿನ ಹಸೇನ–ಹುಸೇನರ ಕರ್ಬಲಾ ಕಥೆಯನ್ನು ಕನ್ನಡದಲ್ಲಿ ಹಾಡುತ್ತ, ಹೆಜ್ಜೆ ಹಾಕುತ್ತ ಅಲಾಯಿ ಕುಣಿಯ, ಅಂದರೆ ಬೆಂಕಿಯ ಗುಂಡಿಯ, ಸುತ್ತ ತಿರುಗುತ್ತಾರೆ. ಹಾಡುವವರಲ್ಲಿ ಮುಸಲ್ಮಾನರಿಗಿಂತ ಉಳಿದವರೇ ಹೆಚ್ಚಿರುವ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ರಹಮತ್ ತರೀಕೆರೆಯವರು 'ಕರ್ನಾಟಕದ ಮೊಹರಂ' ಪುಸ್ತಕದಲ್ಲಿ ಬರೆದಿರುವುದು ಇಂಥ ಲೋಕದ ಬಗ್ಗೆಯೇ. ರಿವಾಯತ್ ಎನ್ನುವ ಈ ಮೊಹರಂ ಪದಗಳ ಕೊನೆಗೆ ಗುರುವಿನ ಜೊತೆಗೆ ಊರಿನ ಹೆಸರೂ ಕಟ್ಟಿದವನ ಹೆಸರೂ ಬರುವುದುಂಟು. ಊರಿನ ಮರ್ಯಾದೆ ಹಾಡಿನ ಬಾಲಕ್ಕೆ ಕಟ್ಟಿದ ಮೇಲೆ ಊರು ಸುಮ್ಮನಿರುತ್ತದೆಯೇ? ಹಬ್ಬಕ್ಕೆ ಹದಿನೈದು ದಿನ ಮೊದಲಿನಿಂದ ರಾತ್ರಿ ತಾಲೀಮು. ಬಾಳೆತೋಟಕ್ಕೆ ನೀರು ಬಿಟ್ಟು ಬಂದವರು, ಕೆಂಪುಬಾಳೆಯ ಗೊನೆ ಹೊತ್ತು ದಣಿದವರು ಎಲ್ಲರೂ ಸುತ್ತ ಕೂತು ಒಂದೊಂದು ಸಾಲಿಗೂ ಬಾಯಿ ಹಾಕುತ್ತಿದ್ದರು. "ಕುದುರಿ ಅಂದಿ, ಮುಂದಿನ ಸಾಲ್ದಾಗ ಅದು ಎಲ್ಲಿ ಹೋತು?" ಹುಸೇನರ ಕುದುರೆ ಕಥೆಯ ನಡುವೆ ಕಾಣೆಯಾಗಬಾರದು. ಕಥನದ ಪಾಠ ಇದಕ್ಕಿಂತ ಚೆನ್ನಾಗಿ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟದ್ದನ್ನು ನಾನು ಕಂಡಿಲ್ಲ.

ಕಲಬುರಗಿಗೆ ಬಂದ ಮೇಲೆ ಕಂಡದ್ದು ಇನ್ನೊಂದು ಶಿಸ್ತು. ಕಲಬುರಗಿ 1948ರವರೆಗೆ ನಿಜಾಮರ ಸಂಸ್ಥಾನದಲ್ಲಿದ್ದ ಊರು. ಆಗ ಕಚೇರಿ, ಕೋರ್ಟು, ಶಾಲೆ ಎಲ್ಲ ಉರ್ದುವಿನಲ್ಲಿ. ಅದಕ್ಕೂ ಬಹಳ ಹಿಂದೆ ಸೂಫಿ ಸಂತ ಖ್ವಾಜಾ ಬಂದೇನವಾಜರು ತೈಮೂರನ ದಾಳಿಯ ಹೊತ್ತಿಗೆ ದಿಲ್ಲಿ ಬಿಟ್ಟು ಇಲ್ಲಿಗೆ ಬಂದು, 1422ರಲ್ಲಿ ಇಲ್ಲೇ ಮಣ್ಣಾದವರು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುವ ದಖನಿ ಚಕ್ಕಿನಾಮಾಗಳಲ್ಲಿ ಕೆಲವು ಅವರ ಹೆಸರಿಗೆ ಅಂಟಿಕೊಂಡು ಬಂದಿವೆ. ಅವರೇ ಕಟ್ಟಿದರೆಂದು ವಿದ್ವಾಂಸರು ಸುಲಭಕ್ಕೆ ಒಪ್ಪುವುದಿಲ್ಲ. ನನಗೆ ಬೇಕಾದ ಸಂಗತಿ ಬೇರೆ: ಹಾಡು ಬೀಸುವ ಕೈಯ ಲಯಕ್ಕೆ ಕೂಡಬೇಕು, ಕೂಡದಿದ್ದರೆ ಅದು ಉಳಿಯುವುದಿಲ್ಲ. ಕಲ್ಲಿಗಿಂತ ಕಟುವಾದ ಪರೀಕ್ಷಕರು ಯಾರಿದ್ದಾರೆ?

ಉರ್ದು ಗಜಲಿನವರಲ್ಲಿ ತಿದ್ದುವುದಕ್ಕೆ ಇಸ್ಲಾಹ್ ಎನ್ನುತ್ತಾರೆ. ಉಸ್ತಾದ್ ಒಬ್ಬ, ಶಾಗಿರ್ದ್ ಒಬ್ಬ. ಶಾಗಿರ್ದ್ ಗಜಲ್ ಬರೆದು ಒಪ್ಪಿಸುತ್ತಾನೆ. ಉಸ್ತಾದ್ ಶಬ್ದ ಬದಲಿಸುತ್ತಾನೆ, ತೂಕ ಸರಿಮಾಡುತ್ತಾನೆ, ನಿಲ್ಲದ ಶೇರನ್ನು (ದ್ವಿಪದಿಯನ್ನು) ಹೊಡೆದುಹಾಕುತ್ತಾನೆ. ಇದಕ್ಕೆ ಒಂದೇ ಕೋಣೆಯಲ್ಲಿ ಕೂರಬೇಕೆಂದೂ ಇಲ್ಲ. ದಾಗ್ ದೆಹಲ್ವಿ ಆರನೇ ನಿಜಾಮ ಮೆಹಬೂಬ್ ಅಲಿ ಖಾನರ ಉಸ್ತಾದರಾಗಿ ಹೈದರಾಬಾದಿನಲ್ಲಿದ್ದಾಗ ಹಿಂದೂಸ್ತಾನದ ಮೂಲೆಮೂಲೆಯಿಂದ ಅವರಿಗೆ ಅಂಚೆಯಲ್ಲಿ ಗಜಲುಗಳು ಬರುತ್ತಿದ್ದವು, ತಿದ್ದಿಸಿಕೊಂಡು ಹಿಂದಿರುಗುತ್ತಿದ್ದವು. ಪಂಜಾಬಿನಿಂದ ಹಾಗೆ ಕಳಿಸಿದವರಲ್ಲಿ ಹುಡುಗ ಇಕ್ಬಾಲ್ ಕೂಡ ಒಬ್ಬರು. ದಾಗ್ 1905ರಲ್ಲಿ ಹೈದರಾಬಾದಿನಲ್ಲೇ ತೀರಿಕೊಂಡರು. ಮುಖ ನೋಡದ ಉಸ್ತಾದ್, ಮುಖ ನೋಡದ ಶಾಗಿರ್ದ್, ನಡುವೆ ಒಂದು ಲಕೋಟೆ. ದೂರದವರಿಂದ ಹಾಡು ತಿದ್ದಿಸಿಕೊಳ್ಳುವುದು ಮೊಬೈಲು ಬಂದ ಮೇಲಿನ ಸಂಗತಿ ಎಂದು ತಿಳಿದವರಿಗೆ ಇದು ಗೊತ್ತಿರಲಿ.

ಮುಶಾಯಿರಾದಲ್ಲಿ, ಅಂದರೆ ಉರ್ದು ಕವಿಸಭೆಯಲ್ಲಿ, ತೀರ್ಪು ಬಾಯಿಂದಲೇ ಬರುತ್ತದೆ. ತರಹೀ ಮುಶಾಯಿರಾ ಆದರೆ ಒಂದು ಮಿಸ್ರಾ (ಸಾಲು) ಮೊದಲೇ ಕೊಟ್ಟಿರುತ್ತಾರೆ, ಎಲ್ಲರೂ ಅದೇ ನೆಲದ ಮೇಲೆ ಗಜಲ್ ಕಟ್ಟಿಕೊಂಡು ಬರಬೇಕು. ಹಿಡಿಸಿದ ಶೇರಿಗೆ ವಾಹ್ ವಾಹ್, ಇನ್ನೊಮ್ಮೆ ಬೇಕಾದರೆ ಮುಕರ್ರರ್. ಕೇಳುವವರಿಗೆ ಖಾಫಿಯಾ (ಪ್ರಾಸ) ಗೊತ್ತಿರುವುದರಿಂದ ಕವಿ ಎರಡನೇ ಸಾಲಿನ ಕೊನೆಗೆ ಬರುವ ಮುಂಚೆಯೇ ಸಭೆ ಆ ಶಬ್ದವನ್ನು ತಾನೇ ಕೂಗಿಬಿಡುವುದುಂಟು. ಕೂಗಿದ ಶಬ್ದಕ್ಕಿಂತ ನಿಮ್ಮ ಶಬ್ದ ಸಪ್ಪೆಯಾಗಿದ್ದರೆ ಕಥೆ ಮುಗಿಯಿತು. ನಮ್ಮ ಊರಿನ ಸುಲೇಮಾನ್ ಖತೀಬ್ (1922–1978) ಈ ಸಭೆಗಳನ್ನು ಗೆದ್ದದ್ದು ಬೇರೆ ದಾರಿಯಿಂದ. ಅವರು ಹುಟ್ಟಿದ್ದು ಚಿಟಗುಪ್ಪದಲ್ಲಿ. ಲಖನೌ–ದಿಲ್ಲಿಯ ಉರ್ದುವಿಗೆ ಜೋತುಬೀಳದೆ ನಮ್ಮ ಓಣಿಯ ದಖನಿಯಲ್ಲಿ, ಅತ್ತೆ–ಸೊಸೆಯರ ಜಗಳದ ದನಿಯಲ್ಲಿ ಬರೆದು ದೇಶದ ಮುಶಾಯಿರಾಗಳಲ್ಲಿ ನಗಿಸಿದರು, ನಗಿಸುತ್ತಲೇ ಅಳಿಸಿದರು. ಅವರ ಸಂಗ್ರಹ 'ಕೇವಡೇ ಕಾ ಬನ್'. ಆ ಭಾಷೆಯನ್ನು ಅವರಿಗೆ ಯಾವ ಉಸ್ತಾದ್ ತಿದ್ದಿಕೊಟ್ಟಿರಲಾರ. ಅದನ್ನು ತಿದ್ದಿ ತೀಡಿದ್ದು ನಲ್ಲಿಯ ಮುಂದಿನ ಸಾಲು.

ಗಜಲಿನ ಕೊನೆಯ ಶೇರಿನಲ್ಲಿ ಬರುವುದು ಬರೆದವನದೇ ಕಾವ್ಯನಾಮ. ತಿದ್ದಿದ ಉಸ್ತಾದನ ಹೆಸರು ಎಲ್ಲೂ ಇರುವುದಿಲ್ಲ. ನಮ್ಮ ತತ್ವಪದದಲ್ಲಿ ಇದು ತಿರುವುಮುರುವು: ಕಟ್ಟಿದವನು ಮರೆಗೆ ಸರಿಯುತ್ತಾನೆ, ಗುರು ಮುಂದೆ ನಿಲ್ಲುತ್ತಾನೆ. ಒಂದೇ ಊರಿನ ಎರಡು ಓಣಿಗಳಲ್ಲಿ ಎರಡು ನ್ಯಾಯ. ಯಾವುದು ಮೇಲೆಂದು ನನ್ನನ್ನು ಕೇಳಬೇಡಿ, ಎರಡೂ ಕಡೆ ಚಹಾ ಕುಡಿದಿದ್ದೇನೆ.

1966ರಲ್ಲಿ ಕಲಬುರಗಿಗೆ ಆಕಾಶವಾಣಿ ಬಂತು. ಅಲ್ಲಿಯವರೆಗೆ ನಮ್ಮವರು ಕನ್ನಡ ಹಾಡಿಗೆ ಧಾರವಾಡದ ಕಡೆ ಕಿವಿ ತಿರುಗಿಸಬೇಕಿತ್ತು. ರೇಡಿಯೋ ಹೊಸ ತಿದ್ದುಗಾರನೊಬ್ಬನನ್ನು ತಂದಿತು: ಗಡಿಯಾರ. ರಾತ್ರಿಯಿಡೀ ಹಾಡುವ ಮೇಳದವರಿಗೆ ಹನ್ನೊಂದು ನುಡಿಯ ಪದವನ್ನು ಕೆಲವೇ ನಿಮಿಷದಲ್ಲಿ ಮುಗಿಸಬೇಕೆಂದರೆ ಯಾವ ನುಡಿ ಬಿಡುವುದು? ಬಿಟ್ಟದ್ದು ಬಿಟ್ಟೇಹೋಯಿತು. ಹುಡುಗರು ರೇಡಿಯೋದಲ್ಲಿ ಬಂದ ಮೂರು ನುಡಿಗಳನ್ನೇ ಪೂರ್ತಿ ಪದವೆಂದು ಕಲಿತರು. ಸಿನಿಮಾದ ಧಾಟಿಗಳೂ ಮೇಳಕ್ಕೆ ಹೊಕ್ಕವು. ಜಾತ್ರೆಯಲ್ಲಿ ಮಾರುವ ಸಣ್ಣ ಪದದ ಪುಸ್ತಕಗಳಲ್ಲಿ ಪ್ರತಿ ಹಾಡಿನ ತಲೆಯ ಮೇಲೆ 'ಧಾಟಿ' ಎಂದು ಬರೆದು ಯಾವುದೋ ಚಿತ್ರಗೀತೆಯ ಮೊದಲ ಶಬ್ದ ಕೊಟ್ಟಿರುತ್ತಿತ್ತು. ಹೋಳಿಯ ನಂತರದ ಶರಣಬಸವೇಶ್ವರ ಜಾತ್ರೆಯಲ್ಲಿ ಅಂಥವನ್ನು ನಾನು ರಾಶಿಯಾಗಿ ಕೊಂಡಿದ್ದೇನೆ. ಹಳಬರು ಬೈಯುತ್ತಿದ್ದರು. ನಾನು ಬೈಯಲಾರೆ, ಗೊತ್ತಿರುವ ಧಾಟಿಗೆ ಕಟ್ಟಿದರೆ ಮಾತಿನ ತೂಕ ತಪ್ಪಿದ್ದು ಕೇಳಿದ ಕೂಡಲೇ ಸಿಕ್ಕಿಬೀಳುತ್ತದೆ.

ತಿದ್ದುವ ರೂಢಿಗೆ ನಿಜವಾದ ಪೆಟ್ಟು ಬಿದ್ದದ್ದು, ನನ್ನ ಅಭಿಪ್ರಾಯದಲ್ಲಿ, ಕವಿಗೋಷ್ಠಿಯಿಂದ. ಕಲಬುರಗಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ 1928ರಲ್ಲೇ ನಡೆದಿತ್ತು, ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ, ಉರ್ದು ರಾಜ್ಯಭಾಷೆಯಾಗಿದ್ದ ಸಂಸ್ಥಾನದಲ್ಲಿ ಅದು ಸಣ್ಣ ಮಾತಲ್ಲ. ಆಮೇಲೆ 1949ರಲ್ಲಿ ಉತ್ತಂಗಿ ಚನ್ನಪ್ಪನವರು, 1987ರಲ್ಲಿ ಸಿದ್ದಯ್ಯ ಪುರಾಣಿಕರು, 2020ರ ಫೆಬ್ರುವರಿಯಲ್ಲಿ ಎಚ್.ಎಸ್. ವೆಂಕಟೇಶಮೂರ್ತಿಯವರು. ಕೊನೆಯವರಂತೂ ಮನೆಮನೆಯಲ್ಲಿ ಹಾಡುವ ಭಾವಗೀತೆಗಳ ಕವಿ. ಸಮ್ಮೇಳನಗಳ ಮೇಲೆ ನನ್ನ ದೂರಿಲ್ಲ. ಆದರೆ ಅವುಗಳನ್ನು ನೋಡಿ ಊರೂರಿಗೆ ಹಬ್ಬಿದ ಕವಿಗೋಷ್ಠಿಯಲ್ಲಿ ಕವಿ ಬರುತ್ತಾನೆ, ಓದುತ್ತಾನೆ, ಶಾಲು ಹೊದೆಸಿಕೊಳ್ಳುತ್ತಾನೆ, ಪ್ರಮಾಣಪತ್ರ ಹಿಡಿದು ಫೋಟೋಕ್ಕೆ ನಿಲ್ಲುತ್ತಾನೆ. ಉಸಿರು ಎಲ್ಲಿ ತಗೋಬೇಕೆಂದು ಕೇಳಲು ಅಲ್ಲಿ ಯಾರಿಗೂ ಅಧಿಕಾರವಿಲ್ಲ. ಶಾಲು ಹೊದ್ದವನಿಗೆ ತಿದ್ದಿಸಿಕೊಳ್ಳುವುದು ಅವಮಾನವಾಗಿಬಿಟ್ಟಿತು. ಫೋನಿನ ಗುಂಪುಗಳಲ್ಲೂ ಈಗ ಅದೇ ಹಾಡು: ಬೆಳಿಗ್ಗೆ ಒಬ್ಬರು ಕವಿತೆ ಹಾಕುತ್ತಾರೆ, ಮಧ್ಯಾಹ್ನದವರೆಗೆ ಕೆಳಗೆ ಕೈಮುಗಿದ ಚಿತ್ರಗಳು.

ಗಜಲ್ ಬರೆಯುವವರು ಮಾತ್ರ ಇದಕ್ಕೆ ಸ್ವಲ್ಪ ಹೊರತು. ರಾಯಚೂರಿನ ಶಾಂತರಸರು (1924–2008) ಕನ್ನಡಕ್ಕೆ ಗಜಲನ್ನು ತಂದು ಕೂರಿಸಿದ ಮೇಲೆ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಅದು ತೊಗರಿಯಂತೆ ಬೆಳೆದಿದೆ. ಇಲ್ಲಿ ನಿಯಮ ಕಣ್ಣಿಗೆ ಕಾಣುತ್ತದೆ. ಖಾಫಿಯಾ ತಪ್ಪಿದರೆ, ರದೀಫ್ (ಮರುಕಳಿಸುವ ಕೊನೆಯ ಪದ) ಕೈಕೊಟ್ಟರೆ ಯಾರಾದರೂ ಬೆರಳು ತೋರಿಸುತ್ತಾರೆ, ಬರೆದವರು ಸಿಟ್ಟಾಗುತ್ತಾರೆ, ರಾತ್ರಿ ಹನ್ನೊಂದಕ್ಕೆ ತಿದ್ದಿದ ಶೇರು ಬರುತ್ತದೆ. ಅವರ ಜಗಳ ಓದುವಾಗ ಮೊಹಲ್ಲಾದ ಹಳೆಯ ಉಸ್ತಾದರು ಕನ್ನಡ ಕಲಿತು ಮರಳಿ ಬಂದರೇನೋ ಅನಿಸುತ್ತದೆ. ಆದರೆ ಅವರು ತಿದ್ದುವುದು ಬರೆದದ್ದನ್ನು. ಹಾಡಿದರೆ ಹೇಗೆ ಎಂದು ಯಾರೂ ಕೇಳುವುದಿಲ್ಲ. ಪೇಟಿಯವನ ಕೊರಗು ಅಷ್ಟೇ.

ಈಚೆಗೆ ಕಮಲಾಪುರದ ಹುಡುಗನೊಬ್ಬ, ಹಗಲು ಟಂಟಂ ಓಡಿಸುವವನು, ಅಲಾಯಿಗೆ ಕಟ್ಟಿದ ಪದವನ್ನು ಫೋನಿನಲ್ಲಿ ಹಾಡಿ ನನಗೆ ಕಳಿಸಿದ. ಧಾಟಿ ಗಟ್ಟಿ, ಕಥೆ ಗಟ್ಟಿ, ಎರಡನೇ ನುಡಿಯಲ್ಲಿ ಪ್ರಾಸಕ್ಕಾಗಿ ತುರುಕಿದ ಒಂದು ಶಬ್ದ ಮಾತ್ರ ಹಲ್ಲಿಗೆ ಸಿಕ್ಕುತ್ತಿತ್ತು. ತೆಗೆ ಅಂದೆ, ಬದಲಿಗೆ ಒಂದು ಶಬ್ದವನ್ನೂ ಸೂಚಿಸಿದೆ. ಅವನು ಒಪ್ಪಲಿಲ್ಲ. "ಅದಾ ಶಬ್ದಕ್ಕ ನಾ ಪದಾ ಕಟ್ಟೀನ್ರಿ" ಅಂದ. ಹಬ್ಬದ ಒಂಬತ್ತನೇ ರಾತ್ರಿ ಊರಿಗೆ ಹೋಗಿ ಕುಣಿಯ ಪಕ್ಕ ನಿಂತು ಕೇಳಿದೆ. ಮುಂದೆ ಅವನು ತನ್ನ ಶಬ್ದವನ್ನೇ ಹಾಡಿದ. ಹಿಂದಿನ ಹುಡುಗರು ಅದನ್ನೂ ಬಿಟ್ಟು, ನಾನು ಹೇಳಿದ್ದನ್ನೂ ಬಿಟ್ಟು, ಹೆಜ್ಜೆಗೆ ಕೂಡುವ ಮೂರನೆಯದೊಂದನ್ನು ಹಾಕಿಕೊಂಡು ಹೊಡೆದರು. ನಾಲ್ಕನೇ ಸುತ್ತಿಗೆ ಅವನೂ ಅದನ್ನೇ ಹಾಡುತ್ತಿದ್ದ. ಈಗ ಅವನ ವಹಿಯಲ್ಲಿ ಇರುವುದೂ ಅದೇ ಶಬ್ದ. ಯಾರು ಹಾಕಿದರೆಂದು ಕೇಳಿದರೆ ತಾನೇ ಅನ್ನುತ್ತಾನೆ.